ರಾತ್ರಿ ಗೂಡಿನಲ್ಲಿ ಗೊರಗೊರ ಸದ್ದು, ಕಣ್ಣಲ್ಲಿ ನೊರೆ: ಕೊಕ್ಕರೆ ರೋಗವೇ, ಸಿಆರ್‌ಡಿಯೇ?

ತುಂಗಾತೀರ (ಪ್ರಶ್ನೆ)

ತೀರ್ಥಹಳ್ಳಿ ಕಡೆ. ಹಿತ್ತಿಲಲ್ಲಿ 14 ಕೋಳಿ: ಒಂಬತ್ತು ನಾಟಿ ಹೇಂಟೆ, ಒಂದು ಹುಂಜ, ಮತ್ತೆ ಸಂತೆಯಿಂದ ತಂದ ನಾಲ್ಕು ಗಿರಿರಾಜ ತಳಿಯ ಯಾಟೆಗಳು (ಎಳೆ ಹೇಂಟೆಗಳು). ಗಿರಿರಾಜ ಬಂದು ಎರಡು ವಾರವಾಗುತ್ತಾ ಬಂತು. ಬಂದ ದಿನದಿಂದಲೇ ಎಲ್ಲ ಒಂದೇ ಗೂಡಿನಲ್ಲಿವೆ.

ಮೊದಲು ಗಿರಿರಾಜದ ಒಂದು ಸೀನತೊಡಗಿತು. ಈಗ ಕತ್ತಲಾಗಿ ಎಲ್ಲ ಗೂಡು ಸೇರಿದ ಮೇಲೆ ನಾಲ್ಕೈದರ ಎದೆಯಿಂದ ಗೊರಗೊರ ಸದ್ದು ಕೇಳುತ್ತದೆ. ಎರಡು ಹೇಂಟೆಗಳ ಕಣ್ಣಿನ ಮೂಲೆಯಲ್ಲಿ ನೊರೆ, ಒಂದು ಯಾಟೆಗೆ ಕಣ್ಣಿನ ಕೆಳಗೆ ಊತ. ಹಿಕ್ಕೆ ಸುಮಾರಾಗಿ ಸರಿಯಿದೆ, ಹಸಿರಿಲ್ಲ. ಮೇವು ತಿನ್ನುತ್ತಿವೆ, ಆದರೆ ಕಡಿಮೆ. ಮೊಟ್ಟೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಈವರೆಗೆ ಒಂದೂ ಸತ್ತಿಲ್ಲ.

ಅಂಗಡಿಯಲ್ಲಿ ಕೊಟ್ಟ ಅಮಾಕ್ಸಿಸಿಲಿನ್ ಪುಡಿಯನ್ನು ನೀರಿಗೆ ಹಾಕಿದೆ, ವೀಳ್ಯದೆಲೆ–ಕಾಳುಮೆಣಸು ಅರೆದು ಕೊಟ್ಟೆ. ಬದಲಾವಣೆ ಇಲ್ಲ. ಮಳೆ ಜೋರಾಗಿರುವುದರಿಂದ ಗೂಡಿನ ನಾಲ್ಕೂ ಬದಿಗೆ ಟಾರ್ಪಾಲು ಕಟ್ಟಿದೆ, ಸೊಳ್ಳೆಗೆ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ. ನೆಲಕ್ಕೆ ಭತ್ತದ ಹೊಟ್ಟು. ಮೇವು ನುಚ್ಚು, ತೌಡು, ಅನ್ನ. ಯಾವ ಲಸಿಕೆಯೂ ಆಗಿಲ್ಲ.

ಇದು ಕೊಕ್ಕರೆ ರೋಗವೇ? ಯಾವ ಔಷಧಿ, ಎಷ್ಟು? ಮೊಟ್ಟೆ ತಿನ್ನಬಹುದೇ?

ಊರ_ಪಶುವೈದ್ಯೆ

ನೀವು ಬರೆದ ವಿವರ ಚೆನ್ನಾಗಿದೆ. ಔಷಧಿಯ ಮಾತಿಗಿಂತ ಮುಂಚೆ ಎರಡು ರೋಗಗಳ ಅನುಮಾನ ಕಳೆದುಕೊಳ್ಳೋಣ.

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಲಸಿಕೆಯೇ ಆಗದ ಹಿಂಡಿಗೆ ಬಂದರೆ ಇಷ್ಟು ನಿಧಾನವಾಗಿ ನಡೆಯುವುದಿಲ್ಲ. ಎರಡು ಮೂರು ದಿನದಲ್ಲಿ ಹೆಚ್ಚಿನವು ಮಂಕಾಗಿ ಕೂರುತ್ತವೆ, ಬಾಯಿ ತೆರೆದು ಉಸಿರೆಳೆಯುತ್ತವೆ, ಹಸಿರು ನೀರು ಹಿಕ್ಕೆ ಹಾಕುತ್ತವೆ, ಸಾಯತೊಡಗುತ್ತವೆ. ಉಳಿದವುಗಳಲ್ಲಿ ಕತ್ತು ತಿರುಚುವುದು, ರೆಕ್ಕೆ ಅಥವಾ ಕಾಲು ಬೀಳುವುದು ಕಾಣುತ್ತದೆ. ಹಕ್ಕಿಜ್ವರದಲ್ಲಿ ಲಕ್ಷಣವೇ ಕಾಣದೆ ದಿಢೀರನೆ ಹಲವು ಸಾಯಬಹುದು. ಜುಟ್ಟು, ಗದ್ದದ ಚರ್ಮ ನೀಲಿಗಟ್ಟುವುದು, ತಲೆ ಊದುವುದು, ಕಾಲಿನ ಚಿಪ್ಪಿನ ಕೆಳಗೆ ರಕ್ತದ ಕಲೆ ಮೂಡುವುದು, ಊರಲ್ಲಿ ಕಾಗೆ ಸಾಯುವುದು ಅದರ ಸೂಚನೆಗಳು. 2025ರ ಫೆಬ್ರುವರಿ–ಮಾರ್ಚ್‌ನಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು, ಆದ್ದರಿಂದ ಇದನ್ನು ದೂರದ ಮಾತು ಎಂದುಕೊಳ್ಳಬೇಡಿ. ಇವುಗಳಲ್ಲಿ ಯಾವುದು ಕಂಡರೂ ಕೋಳಿಯನ್ನು ಕೊಯ್ಯಬೇಡಿ, ಸಂತೆಗೆ ಒಯ್ಯಬೇಡಿ, ಯಾರಿಗೂ ಕೊಡಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ನಿಮ್ಮಲ್ಲಿ ನಿಧಾನವಾಗಿ ಹಬ್ಬಿದೆ, ಸಾವಿಲ್ಲ, ಕಣ್ಣಲ್ಲಿ ನೊರೆ ಇದೆ, ರಾತ್ರಿ ಗೊರಗೊರ ಇದೆ, ಸಂತೆಯ ಕೋಳಿ ಸೇರಿ ಎರಡು ವಾರವಾಗಿದೆ. ಇದೆಲ್ಲ ಸಿಆರ್‌ಡಿ (ಕೋಳಿಯ ದೀರ್ಘಕಾಲದ ಉಸಿರಾಟದ ರೋಗ) ಕಡೆಗೆ ಬೆರಳು ತೋರಿಸುತ್ತದೆ. ಅದನ್ನು ತರುವ ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಬ್ಯಾಕ್ಟೀರಿಯಾ ಮೈಸೇರಿ ಲಕ್ಷಣ ತೋರಿಸಲು ಸಾಮಾನ್ಯವಾಗಿ 6ರಿಂದ 21 ದಿನ ಹಿಡಿಯುತ್ತದೆ. ನಿಮ್ಮ ಲೆಕ್ಕ ಅದಕ್ಕೆ ಹೊಂದುತ್ತದೆ.

ಅಮಾಕ್ಸಿಸಿಲಿನ್ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ ಇರಬಹುದು. ಪೆನಿಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾದ ಕೋಶಗೋಡೆ ಕಟ್ಟುವುದನ್ನು ತಡೆಯುತ್ತವೆ. ಮೈಕೋಪ್ಲಾಸ್ಮಾಕ್ಕೆ ಕೋಶಗೋಡೆಯೇ ಇಲ್ಲ. ಆ ಪುಡಿಯನ್ನು ಇನ್ನೂ ಹತ್ತು ದಿನ ಹಾಕಿದರೂ ಅದಕ್ಕೆ ಏನೂ ಆಗದು. ಅಮಾಕ್ಸಿಸಿಲಿನ್ ನಿಲ್ಲಿಸಿ.

ಆದರೂ ಮೂರು ಪರೀಕ್ಷೆ ಮಾಡಿ ತಿಳಿಸಿ. ಊದಿದ ಯಾಟೆಯ ಮೂಗಿನ ಹತ್ತಿರ ಮೂಸಿ ನೋಡಿ. ಕೊಳೆತ ನಾತ ಇದ್ದು, ಒಂದರಿಂದ ಮೂರು ದಿನದೊಳಗೆ ಪಕ್ಕದ ಕೋಳಿಗಳ ಮುಖವೂ ಊದಿದರೆ ಅದು ಕೊರೈಜಾ, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ಕೋಳಿ ನೆಗಡಿ. ಎರಡನೆಯದು, ಟಾರ್ಚ್ ಹಿಡಿದು ಬಾಯೊಳಗೆ ನೋಡಿ. ಒಳಗೆ ಹಳದಿ ಪೊರೆ ಅಂಟಿಕೊಂಡಿದ್ದು, ಕೆರೆದರೆ ರಕ್ತ ಬಂದರೆ ಅದು ಕೋಳಿ ಸಿಡುಬಿನ ಒಳರೂಪ. ಮಳೆಗಾಲದಲ್ಲಿ ಸೊಳ್ಳೆಯಿಂದ ಹಬ್ಬುತ್ತದೆ, ಅದಕ್ಕೆ ಆ್ಯಂಟಿಬಯಾಟಿಕ್ ಔಷಧಿಯಲ್ಲ. ಬಾಯಿ–ಗಂಟಲಲ್ಲಿ ಸಣ್ಣ ಬಿಳಿ ಗುಳ್ಳೆಗಳಿದ್ದರೆ ಎ ಜೀವಸತ್ವದ ಕೊರತೆ. ನುಚ್ಚು–ಅನ್ನದ ಮೇವಿನಲ್ಲಿ ಅದು ಸಿಗುವುದೇ ಇಲ್ಲ. ರೋಗ ಯಾವುದೇ ಇರಲಿ, ಇವತ್ತಿನಿಂದಲೇ ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ಹಳದಿ ಜೋಳದ ನುಚ್ಚು, ಸಿಕ್ಕರೆ ಪಪ್ಪಾಯಿ ಕೊಡಿ.

ಮೂರನೆಯದು, ಒಂದೊಂದನ್ನೇ ಎತ್ತಿ ಬೆನ್ನಿಗೆ ಕಿವಿಯಿಟ್ಟು ಕೇಳಿ. ಬಾಯಿ ತೆರೆದು ಕಷ್ಟಪಟ್ಟು ಉಸಿರೆಳೆಯುತ್ತಿದ್ದರೂ ಎದೆಯಲ್ಲಿ ಸದ್ದೇ ಇಲ್ಲ, ಅದರಲ್ಲೂ ಮರಿಗಳಲ್ಲಿ, ಎಂದಾದರೆ ಬೂಷ್ಟು ಹಿಡಿದ ಹೊಟ್ಟು ಅಥವಾ ಮೇವಿನಿಂದ ಬರುವ ಶಿಲೀಂಧ್ರ ರೋಗ ನೆನಪಿರಲಿ. ಅದಕ್ಕೂ ಆ್ಯಂಟಿಬಯಾಟಿಕ್ ತಾಗುವುದಿಲ್ಲ, ಮೂಲವನ್ನೇ ಎತ್ತಿ ಹಾಕಬೇಕು.

ಕಣ್ಣಿಗೆ: ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಅಂದರೆ ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಹತ್ತಿಯಿಂದ ದಿನಕ್ಕೆರಡು ಸಲ ಒರೆಸಿ, ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ. ಮೆಡಿಕಲ್ ಅಂಗಡಿಯ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಬೇಡಿ, ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದು ನಿಷಿದ್ಧ. ಸ್ಟೀರಾಯ್ಡ್ ಬೆರೆತ ಹನಿಗಳೂ ಬೇಡ.

ಕೋಲಾರದ_ನಾಟಿ

ಔಷಧಿ ಯಾವುದೆಂದು ಚೀಟಿ ಬರೆಯಬೇಕಾದವರು ಡಾಕ್ಟ್ರು. ಚೀಟಿ ಸರಿಯಿದ್ದೂ ಕೋಳಿ ವಾಸಿಯಾಗದೆ ಇರುವುದು ನೀರಿನಲ್ಲಿ ಬೆರೆಸುವ ರೀತಿಯಿಂದ. ಅದನ್ನಷ್ಟೇ ಬರೆಯುತ್ತೇನೆ.

ಸಿಆರ್‌ಡಿಗೆ ಸಾಮಾನ್ಯವಾಗಿ ಬರೆಯುವುದು ಟೈಲೋಸಿನ್ ಅಥವಾ ಡಾಕ್ಸಿಸೈಕ್ಲಿನ್. ಟೈಲೋಸಿನ್ ಟಾರ್ಟ್ರೇಟ್ ಆದರೆ ಲೀಟರಿಗೆ 500 ಮಿಲಿಗ್ರಾಂ ಮೂಲ ಔಷಧಿ ಇರುವಂತೆ, ಮೂರರಿಂದ ಐದು ದಿನ, ಆ ದಿನಗಳಲ್ಲಿ ಬೇರೆ ನೀರೇ ಇಡಬಾರದು. ಹಿತ್ತಿಲಲ್ಲಿ ತೆಂಗಿನ ಬುಡದ ಗುಂಡಿಯಲ್ಲಿ ಮಳೆನೀರು ನಿಂತಿದ್ದರೆ ಕೋಳಿ ಕುಡಿಯುವುದು ಅದನ್ನೇ, ನಿಮ್ಮ ಔಷಧಿಯನ್ನಲ್ಲ. ಅಷ್ಟು ದಿನ ಗೂಡಿನಲ್ಲೇ ಕೂಡಿಹಾಕಿ.

ಡಾಕ್ಸಿ ಲೆಕ್ಕ ಮೈತೂಕದ ಮೇಲೆ. ಕಿಲೋಗೆ 20 ಮಿಲಿಗ್ರಾಂ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ನಿಮ್ಮ 14 ಕೋಳಿ ಸೇರಿ ಸುಮಾರು 20 ಕಿಲೋ ಆದರೆ ದಿನಕ್ಕೆ 400 ಮಿಲಿಗ್ರಾಂ ಬೇಕು. ಪೊಟ್ಟಣದ ಮೇಲೆ 10 ಪರ್ಸೆಂಟ್ ಎಂದಿದ್ದರೆ 4 ಗ್ರಾಂ ಪುಡಿ, 20 ಪರ್ಸೆಂಟ್ ಆದರೆ 2 ಗ್ರಾಂ. ಚಮಚದಲ್ಲಿ ಅಳೆಯಬೇಡಿ, ಒಂದು ಕಂಪನಿಯ ಪುಡಿ ಹಗುರ, ಇನ್ನೊಂದರದು ಭಾರ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಒಂದಿದ್ದರೆ ಜೀವನವಿಡೀ ಬರುತ್ತದೆ.

ದೊಡ್ಡ ಕೋಳಿ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಕುಡಿಯುತ್ತದೆ, ಮಳೆಗಾಲದ ಥಂಡಿಯಲ್ಲಿ ಇನ್ನೂ ಕಡಿಮೆ, ಜಡ್ಡಾದದ್ದು ಅದಕ್ಕಿಂತ ಕಡಿಮೆ. ನೀವು 4 ಗ್ರಾಮನ್ನು ಐದು ಲೀಟರಿನಲ್ಲಿ ಕಲಸಿಟ್ಟರೆ ಅರ್ಧದಷ್ಟು ಸಂಜೆ ಚೆಲ್ಲುತ್ತೀರಿ. ಒಂದೂವರೆ ಲೀಟರಿನಲ್ಲಿ ಕಲಸಿ, ಎರಡು ಪಾಲು ಮಾಡಿ. ರಾತ್ರಿ ನೀರು ತೆಗೆದಿಟ್ಟು ಬೆಳಗ್ಗೆ ಮೊದಲ ಪಾಲು, ಮಧ್ಯಾಹ್ನ ಎರಡನೆಯದು. ಮುಗಿದ ಮೇಲೆ ಮಾತ್ರ ಬರೀ ನೀರು. ದಿನಾ ಹೊಸದಾಗಿ ಕಲಸಬೇಕು, ಬಿಸಿಲಿಗೆ ಇಡಬಾರದು.

ಡಾಕ್ಸಿ ಸುಣ್ಣದ ಅಂಶಕ್ಕೆ ಅಂಟಿಕೊಂಡುಬಿಡುತ್ತದೆ, ಆಮೇಲೆ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ. ನಮ್ಮ ಕೋಲಾರದ ಬೋರ್‌ವೆಲ್ ನೀರಿನಲ್ಲಿ ಅರ್ಧ ಔಷಧಿ ಹೀಗೇ ಹಾಳು. ನಿಮ್ಮ ಮಲೆನಾಡಿನ ಬಾವಿ ನೀರು ಮೆದು, ಸೋಪು ಹಚ್ಚಿದರೆ ನೊರೆ ಬರುತ್ತದಲ್ಲ, ಅಷ್ಟು ಸಾಕು. ಆದರೆ ತಗಡಿನ ಬೋಗುಣಿ ಬೇಡ, ಪ್ಲಾಸ್ಟಿಕ್ ಅಥವಾ ಸ್ಟೀಲು ಇರಲಿ. ಔಷಧಿ ನೀರು ಇರುವಷ್ಟು ಹೊತ್ತು ಕಪ್ಪೆಚಿಪ್ಪಿನ ಪುಡಿ, ಸುಣ್ಣದ ಕಲ್ಲಿನ ಪುಡಿ, ಮಜ್ಜಿಗೆ ಯಾವುದೂ ಬೇಡ.

ನೀರೇ ಕುಡಿಯದಷ್ಟು ಸೊರಗಿದ ಕೋಳಿಗೆ ಕೈಯಲ್ಲೇ ಕುಡಿಸಬೇಕು. 100 ಮಿಲಿಗ್ರಾಂ ಡಾಕ್ಸಿಯನ್ನು 10 ಮಿಲಿಲೀಟರ್ ನೀರಿನಲ್ಲಿ ಕರಗಿಸಿದರೆ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ. ಒಂದೂವರೆ ಕಿಲೋ ಹೇಂಟೆಗೆ ದಿನಕ್ಕೆ 3 ಮಿಲಿಲೀಟರ್, ಬೆಳಗ್ಗೆ ಸಂಜೆ ಒಂದೂವರೆಯಂತೆ. ಸೂಜಿ ತೆಗೆದ ಸಿರಿಂಜನ್ನು ಕೊಕ್ಕಿನ ಪಕ್ಕದಿಂದ ತೂರಿಸಿ, ನಾಲಗೆ ದಾಟಿಸಿ ಕೋಳಿಯ ಬಲಗಡೆ ಗಂಟಲಿಗೆ ಹನಿಹನಿಯಾಗಿ ಬಿಡಿ. ನಾಲಗೆಯ ಬುಡದಲ್ಲಿ ನಡುವೆ ಕಾಣುವ ಸೀಳು ಉಸಿರುದಾರಿ. ಅಲ್ಲಿಗೆ ಔಷಧಿ ಹೋದರೆ ಕೋಳಿ ನಿಮ್ಮ ಕೈಯಲ್ಲೇ ಹೋಗುತ್ತದೆ.

ಇನ್ನೊಂದು: ಟಯಾಮುಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ಕಂಪನಿ ಮೇವಿನ ಚೀಲದ ಚೀಟಿ ಓದಿ. ಅದರಲ್ಲಿ ರಕ್ತಭೇದಿ (ಕಾಕ್ಸಿಡಿಯೋಸಿಸ್) ತಡೆಯಲು ಬೆರೆಸುವ ಮೊನೆನ್ಸಿನ್, ಸಲಿನೋಮೈಸಿನ್ ಇದ್ದರೆ ಎರಡೂ ಸೇರಿ ಕಾಲು ಬಿದ್ದು ಸಾಯುತ್ತವೆ. ಅಂಗಡಿಯ ಮೂಲೆಯಲ್ಲಿ ಉಳಿದ ಹಳೇ ಪೊಟ್ಟಣಗಳಲ್ಲಿ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಬೆರೆತದ್ದಿದ್ದರೆ ಮುಟ್ಟಬೇಡಿ. ಕೇಂದ್ರ ಸರ್ಕಾರ ಆಹಾರದ ಪ್ರಾಣಿಗಳಿಗೆ ಅದನ್ನು 2019ರಲ್ಲೇ ನಿಷೇಧಿಸಿದೆ.

ಬಿದಿರಗೂಡು

ಎಲ್ಲರೂ ಔಷಧಿ ಹೇಳಿದರು. ಟಾರ್ಪಾಲು ಬಿಚ್ಚದಿದ್ದರೆ ಆ ಔಷಧಿ ನಿಲ್ಲಿಸಿದ ವಾರಕ್ಕೆ ಮತ್ತೆ ಗೊರಗೊರ ಶುರು.

ಮಲೆನಾಡಿನಲ್ಲಿ ಆಷಾಢ ಬಂತೆಂದರೆ ಗೂಡನ್ನು ಬಿಗಿಯಾಗಿ ಮುಚ್ಚುವುದು ವಾಡಿಕೆ. ಒಳಗೆ ಒದ್ದೆ ಹೊಟ್ಟು, ಅದರ ಮೇಲೆ ಹಿಕ್ಕೆ, ಎರಡೂ ಸೇರಿ ಅಮೋನಿಯಾ. ಕೋಳಿಯ ಉಸಿರುಕೊಳವೆಯೊಳಗೆ ಕಫವನ್ನು ಮೇಲಕ್ಕೆ ತಳ್ಳುವ ನವಿರು ಕೂದಲುಗಳಿರುತ್ತವೆ. ಅಮೋನಿಯಾ ಅವನ್ನು ಸುಡುತ್ತದೆ, ಆಮೇಲೆ ಯಾವ ರೋಗಾಣು ಬಂದರೂ ಸೀದಾ ಒಳಕ್ಕೆ. ಕೋಳಿಮನೆಯ ಗಾಳಿಯಲ್ಲಿ ಅಮೋನಿಯಾ 25 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 25) ದಾಟಬಾರದು ಎನ್ನುತ್ತಾರೆ. ಮೀಟರು ಬೇಕಿಲ್ಲ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಕುಕ್ಕರಗಾಲಿನಲ್ಲಿ ಕೂತು ಕೋಳಿಯ ತಲೆಯ ಎತ್ತರಕ್ಕೆ ಮುಖ ಹಿಡಿಯಿರಿ. ನಿಂತುಕೊಂಡು ಮೂಸಿದರೆ ಗೊತ್ತಾಗದು. ಕಣ್ಣು ಉರಿದರೆ ಮಿತಿ ಮೀರಿದೆ ಎಂದೇ ತಿಳಿಯಿರಿ.

ಮಾಡಿನ ಕೆಳಗೆ, ಎದುರುಬದುರಿನ ಎರಡು ಗೋಡೆಗಳಲ್ಲಿ ಮುಕ್ಕಾಲು ಅಡಿಯಾದರೂ ಖಾಲಿ ಬಿಡಿ. ಅದು ಕೋಳಿ ಕೂರುವ ಅಡ್ಡಗೋಲಿಗಿಂತ ಮೇಲಿರಬೇಕು, ಆಗ ಗಾಳಿ ತಲೆಯ ಮೇಲಿಂದ ಹಾಯುತ್ತದೆ, ಮೈಗೆ ಬೀಸುವುದಿಲ್ಲ. ಮುಂಗುಸಿ, ಹಾವು ಬಾರದಂತೆ ಅರ್ಧ ಇಂಚಿನ ಜಾಲರಿ ಹೊಡೆಯಿರಿ. ಇರಚಲು ಹೊಡೆಯುವ ಕಡೆ ಗೋಡೆ ಮುಚ್ಚುವ ಬದಲು ಮಾಡನ್ನೇ ಮೂರು ಅಡಿ ಮುಂದಕ್ಕೆ ಚಾಚಿ. ಅಡಿಕೆ ದಬ್ಬೆಯ ಮೇಲೆ ಸೋಗೆಯೋ ತಗಡೋ ಸಾಕು.

ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಉಂಡೆಯಾಗಿಯೇ ಉಳಿದರೆ ಒದ್ದೆ ಹೆಚ್ಚು, ಪೂರ್ತಿ ತೆಗೆಯಿರಿ. ಬಿರುಕುಬಿಟ್ಟು ಉದುರಿದರೆ ಸರಿಯಿದೆ. ಹೊಸದನ್ನು ಮೂರು ಇಂಚು ಹರಡಿ, ದಿನ ಬಿಟ್ಟು ದಿನ ಕೆದರಿ. ನೀರಿನ ಬೋಗುಣಿಯನ್ನು ಇಟ್ಟಿಗೆಯ ಮೇಲೆ ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟರೆ ಚೆಲ್ಲುವುದು ಕಡಿಮೆ. ಸುಣ್ಣ ಎರಚುವವರು ಇದನ್ನು ಗಮನಿಸಿ: ಹಿಕ್ಕೆ ಬೆರೆತ ಒದ್ದೆ ಹೊಟ್ಟಿನ ಮೇಲೆ ಸುಣ್ಣ ಬಿದ್ದರೆ ಅಮೋನಿಯಾ ಇನ್ನಷ್ಟು ಏಳುತ್ತದೆ. ಹಳೆಯದನ್ನು ಹೊರಗೆ ಹಾಕಿ, ನೆಲ ಗುಡಿಸಿ, ಬರೀ ನೆಲಕ್ಕೆ ಸುಣ್ಣ ಹಾಕಿ, ಒಣಗಿದ ಮೇಲೆ ಹೊಸ ಹೊಟ್ಟು.

ಹೊಗೆ ಇವತ್ತೇ ನಿಲ್ಲಿಸಿ. ಬೇವಾಗಲಿ ಸಾಂಬ್ರಾಣಿಯಾಗಲಿ, ಹೊಗೆ ಹೊಗೆಯೇ. ಕೋಳಿಗೆ ಶ್ವಾಸಕೋಶದ ಜೊತೆಗೆ ಮೈತುಂಬ ಗಾಳಿಚೀಲಗಳಿವೆ, ಒಳಗೆ ಹೋದದ್ದು ಅಲ್ಲೆಲ್ಲ ಹರಡುತ್ತದೆ. ಸೊಳ್ಳೆಗೆ ಜಾಲರಿಯ ಮೇಲೆ ಸೊಳ್ಳೆಪರದೆ ಬಟ್ಟೆ ಕಟ್ಟಿ.

ತುಂಗಾತೀರ

ನೋಡಿದೆ. ನಾತ ಇಲ್ಲ, ಬಾಯೊಳಗೆ ಪೊರೆ ಇಲ್ಲ, ಗುಳ್ಳೆಯೂ ಇಲ್ಲ. ಎದೆಯ ಸದ್ದು ಏಳರಲ್ಲಿ ಸ್ಪಷ್ಟ. ಬೆಳಗ್ಗೆ ಕಣ್ಣು ಉರಿದದ್ದು ನಿಜ, ಟಾರ್ಪಾಲು ಎರಡು ಬದಿ ಬಿಚ್ಚಿದ್ದೇವೆ. ಊತವಿದ್ದ ಯಾಟೆ ಇಂದು ಸತ್ತಿತು. ಅದನ್ನು ಎಲ್ಲಿಗೆ ಒಯ್ಯಬೇಕು? ಉಳಿದವನ್ನು ಹೇಗೆ ಬೇರ್ಪಡಿಸಲಿ? ಒಂದು ಹೇಂಟೆ ಕಾವಿಗೆ ಕೂತಿದೆ, ಕೆಳಗೆ ನಮ್ಮದೇ ಮೊಟ್ಟೆಗಳಿವೆ, ಏನು ಮಾಡಲಿ?

ಊರ_ಪಶುವೈದ್ಯೆ

ಸತ್ತ ಕೋಳಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆಯ ಜೊತೆ ಡಬ್ಬಿಯಲ್ಲಿಟ್ಟು ಇವತ್ತೇ ತಾಲ್ಲೂಕು ಪಶು ಆಸ್ಪತ್ರೆಗೆ ತಲುಪಿಸಿ. ಫ್ರೀಜರಿನಲ್ಲಿ ಕಲ್ಲಾಗಿಸಬೇಡಿ, ಅಂಗಾಂಶ ಕೆಟ್ಟು ಪರೀಕ್ಷೆ ಹಾಳಾಗುತ್ತದೆ. ಕೈಗವಸು, ಮಾಸ್ಕ್ ಇರಲಿ, ರಾಣಿಖೇತ್ ವೈರಸ್ ಕೂಡ ಮನುಷ್ಯರ ಕಣ್ಣು ಕೆಂಪಾಗಿಸುತ್ತದೆ. ಮರಣೋತ್ತರ ಪರೀಕ್ಷೆಯಲ್ಲಿ ಗಾಳಿಚೀಲ ಮಸುಕಾಗಿ ಗಿಣ್ಣಿನಂಥ ವಸ್ತು ಕಟ್ಟಿದ್ದರೆ ಸಿಆರ್‌ಡಿ. ಯಕೃತ್ತು, ಹೃದಯದ ಮೇಲೆ ಬಿಳಿ ಪೊರೆ ಇದ್ದರೆ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಕೂಡ ಸೇರಿಕೊಂಡಿದೆ, ಆಗ ಔಷಧಿ ಬದಲಾಗಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಮಾದರಿ ಬೆಂಗಳೂರಿನ ಹೆಬ್ಬಾಳದ ಪ್ರಾದೇಶಿಕ ರೋಗಪತ್ತೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಹಕ್ಕಿಜ್ವರದ ಅನುಮಾನವಿದ್ದರೆ ಇಲಾಖೆಯವರೇ ಭೋಪಾಲಿನ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಏಳು ಕೋಳಿಗಳಿಗೆ ಸೋಂಕು ಕಾಣಿಸಿದೆ ಎಂದರೆ ಉಳಿದವೂ ಅದೇ ಗಾಳಿ ಉಸಿರಾಡಿವೆ. ಆದ್ದರಿಂದ ಔಷಧಿ ಎಲ್ಲಕ್ಕೂ. ಬೇರ್ಪಡಿಸುವುದು ಸೊರಗಿದವನ್ನು ಮಾತ್ರ, ಅವಕ್ಕೆ ಮೇವಿನ ಬಳಿ ಕುಕ್ಕಿಸಿಕೊಳ್ಳದೆ ತಿನ್ನಲು ಆಗಲಿ ಎಂದು. ಕೆಲಸ ಯಾವಾಗಲೂ ಚೆನ್ನಾಗಿರುವವುಗಳಿಂದ ಶುರುವಾಗಿ ಜಡ್ಡಿನವುಗಳಲ್ಲಿ ಮುಗಿಯಲಿ. ಅಲ್ಲಿಗೇ ಬೇರೆ ಚಪ್ಪಲಿ, ಬೇರೆ ಬೋಗುಣಿ.

ಕಾವಿನ ಮೊಟ್ಟೆ ತೆಗೆದುಬಿಡಿ. ಮೈಕೋಪ್ಲಾಸ್ಮಾ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ. ಮರಿ ಮಾಡಿಸಲೇಬೇಕಾದರೆ ರೋಗವಿಲ್ಲದ ಕಡೆಯಿಂದ ಮೊಟ್ಟೆ ತಂದು, ಈ ಹಿಂಡಿನ ಹತ್ತಿರ ಸುಳಿಯದ ಬೇರೆ ಹೇಂಟೆಯ ಕೆಳಗೆ ಇಡಿ.

ತಿನ್ನುವ ವಿಷಯ: ಪೊಟ್ಟಣದ ಮೇಲೆ ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ, ಅದನ್ನೇ ಪಾಲಿಸಿ. ಬರೆದಿಲ್ಲವಾದರೆ ನಮ್ಮ ದೇಶದ ನಿಯಮದಂತೆ ಔಷಧಿ ನಿಲ್ಲಿಸಿದ ಮೇಲೆ ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಎನ್ರೋಫ್ಲಾಕ್ಸಾಸಿನ್ ಬೇಗ ಕೆಲಸ ಮಾಡುತ್ತದೆಂದು ಅನೇಕರು ಸಲಹೆ ಕೊಡುತ್ತಾರೆ. ಮೊಟ್ಟೆಯಿಡುವ ಕೋಳಿಗೆ ನಾನು ಅದನ್ನು ಬರೆಯುವುದಿಲ್ಲ. ಅದು ಮನುಷ್ಯರಿಗೆ ಬೇಕಾದ ಔಷಧಿಗಳ ಜಾತಿಯದು, ಅಮೆರಿಕದಲ್ಲಿ 2005ರಲ್ಲೇ ಕೋಳಿಗಳಿಗೆ ಅದರ ಬಳಕೆ ನಿಲ್ಲಿಸಿದ್ದಾರೆ.

ಬಯಲುಸೀಮೆ_ಹುಂಜ

ಒಂದು ಮಾತು ಯಾರೂ ನೇರವಾಗಿ ಹೇಳಲಿಲ್ಲ. ಔಷಧಿಯಿಂದ ಸದ್ದು ನಿಲ್ಲುತ್ತದೆ, ರೋಗಾಣು ಹೋಗುವುದಿಲ್ಲ. ವಾಸಿಯಾದಂತೆ ಕಾಣುವ ಕೋಳಿ ಬದುಕಿರುವಷ್ಟು ಕಾಲ ಅದನ್ನು ಹೊತ್ತಿರುತ್ತದೆ, ಮಳೆ, ಪುಕ್ಕ ಬದಲಾವಣೆ, ಪ್ರಯಾಣ ಎಂದು ಮೈ ಕುಗ್ಗಿದಾಗ ಮತ್ತೆ ಉಗುಳುತ್ತದೆ. ಆದ್ದರಿಂದ ನನ್ನ ಸಲಹೆ ಎಲ್ಲವನ್ನೂ ತೆಗೆದು ಗೂಡು ಖಾಲಿ ಮಾಡುವುದು. ತೊಳೆದು, ಲೀಟರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿದ ನೀರು ಸಿಂಪಡಿಸಿ, ಮೂರು ವಾರ ಒಣಗಲು ಬಿಟ್ಟು ಹೊಸ ಮರಿ ತನ್ನಿ. ಮೈಕೋಪ್ಲಾಸ್ಮಾ ಕೋಳಿಯ ಮೈ ಬಿಟ್ಟು ಹೊರಗೆ ಹೆಚ್ಚು ದಿನ ಬಾಳುವುದಿಲ್ಲ.

ಊರ_ಪಶುವೈದ್ಯೆ

ಮರಿ ಮಾರುವವರಿಗೆ, ಅಕ್ಕಪಕ್ಕ ದೊಡ್ಡ ಫಾರಂ ಇರುವವರಿಗೆ ಇದೇ ಸರಿ, ಒಪ್ಪುತ್ತೇನೆ. ಮನೆಯ ಮೊಟ್ಟೆಗಷ್ಟೇ ಸಾಕುವವರಿಗೆ ಇನ್ನೊಂದು ದಾರಿಯಿದೆ: ಹಿಂಡನ್ನು ಮುಚ್ಚಿಬಿಡುವುದು. ಇಲ್ಲಿಂದ ಒಂದೂ ಜೀವಂತ ಕೋಳಿ ಹೊರಗೆ ಹೋಗಬಾರದು, ಕಾವಿಗೆ ಮೊಟ್ಟೆ ಕೊಡಬಾರದು, ಹೊಸದು ಒಳಗೆ ಬರಬಾರದು. ಇರುವವು ಮುಗಿದ ಮೇಲೆ ಗೂಡು ಖಾಲಿ ಮಾಡಿ ಹೊಸದಾಗಿ ಶುರು ಮಾಡುವುದು. ಅರ್ಧ ಮನಸ್ಸಿನಿಂದ ಮಾಡಿದರೆ ಊರಿಗೆಲ್ಲ ಹಂಚಿದಂತಾಗುತ್ತದೆ, ಆಗ ಖಾಲಿ ಮಾಡುವುದೇ ವಾಸಿ.

ಮುಂದೆ ಕೋಳಿ ತಂದಾಗ 30 ದಿನ ಮನೆಯ ಇನ್ನೊಂದು ದಿಕ್ಕಿನಲ್ಲಿ ಇಡಿ. ಕೊನೆಯ ಎರಡು ವಾರ ನಿಮ್ಮದೊಂದು ಕೋಳಿಯನ್ನು ಅವುಗಳ ಜೊತೆ ಬಿಡಿ. ಹೊಸವು ಹೊರಗೆ ಚೆನ್ನಾಗಿ ಕಂಡರೂ ರೋಗ ಹೊತ್ತಿದ್ದರೆ ಅದು ಸೀನಿ ತಿಳಿಸುತ್ತದೆ.

ಲಸಿಕೆ ಈಗ ಬೇಡ. ಉಸಿರಿನ ತೊಂದರೆ ಇರುವಾಗ ರಾಣಿಖೇತ್‌ನ ಜೀವಂತ ಲಸಿಕೆ ಹಾಕಿದರೆ ಕೆಮ್ಮು–ಗೊರಗೊರ ಹೆಚ್ಚಾಗುತ್ತದೆ. ಸದ್ದು ಪೂರ್ತಿ ನಿಂತು ಎರಡು ವಾರ ಕಳೆದ ಮೇಲೆ ಮೊದಲು ರಾಣಿಖೇತಿನ ಲಸೋಟಾ ಲಸಿಕೆ ಒಂದು ಹನಿ ಕಣ್ಣಿಗೆ, ಮೂರು–ನಾಲ್ಕು ವಾರ ಬಿಟ್ಟು ಅದೇ ರೋಗದ ಆರ್2ಬಿ ಲಸಿಕೆ ಅರ್ಧ ಮಿಲಿಲೀಟರ್ ಚರ್ಮದ ಕೆಳಗೆ. ಆರ್2ಬಿಯಿಂದ ಕೆಲ ದಿನ ಮೊಟ್ಟೆ ಇಳಿಯಬಹುದು. ಹೊಸ ಮರಿಗಳಿಗಾದರೆ 5–7ನೇ ದಿನ ಲಸೋಟಾ ಅಥವಾ ಎಫ್ ತಳಿ, ನಾಲ್ಕನೇ ವಾರ ಮತ್ತೆ ಲಸೋಟಾ, 8–10ನೇ ವಾರ ಆರ್2ಬಿ. ಸೀಸೆಯಲ್ಲಿ ನೂರು ಅಥವಾ ಹೆಚ್ಚು ಡೋಸ್ ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಕ್ಕಪಕ್ಕದ ನಾಲ್ಕೈದು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಂಡು, ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ತಂದು ಹಾಕಿಸಿ. ಆ ದಿನ ನಿಮ್ಮ ಹಿಂಡಿನ ಸರದಿ ಕೊನೆಗಿರಲಿ.